ಕಪ್ಪುಮದ್ದಿನ ರಿವಾಲ್ವರಿನ ಮರುತಯಾರಿ ಪ್ರತಿಯನ್ನು ಪರೀಕ್ಷಿಸುವ ಬಗೆ

ಶ್ರೀರಂಗಪಟ್ಟಣದ ಕಾಲದ್ದು ಎಂದು ಹೇಳಿ ಯಾರಾದರೂ ಕೇಪಿನ (ಪೆಟ್ಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ತಾಗಿಸುವ ಪುಟ್ಟ ಲೋಹದ ಟೋಪಿಯ) ರಿವಾಲ್ವರೊಂದನ್ನು ನಿಮ್ಮ ಮುಂದಿಟ್ಟರೆ, ಮೊದಲು ಇಸವಿಗಳನ್ನು ಲೆಕ್ಕ ಹಾಕಬೇಕು. ಟಿಪ್ಪು ಸುಲ್ತಾನರು ಮಡಿದದ್ದು 1799ರ ಮೇ 4ರಂದು. ಅಂದಿನ ಕೋವಿಗಳ ಮದ್ದು ಹೊತ್ತುತ್ತಿದ್ದದ್ದು ಚಕಮಕಿ ಕಲ್ಲಿನ ಕಿಡಿಯಿಂದ ಅಥವಾ ಉರಿಯುವ ಬತ್ತಿಯಿಂದ. ಸ್ಯಾಮ್ಯುಯೆಲ್ ಕೋಲ್ಟ್ ತನ್ನ ರಿವಾಲ್ವರಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1836ರಲ್ಲಿ. ಮೇಲಾಗಿ ಇಂದು ಕಾಣಸಿಗುವ ಇಂತಹ ರಿವಾಲ್ವರುಗಳಲ್ಲಿ ಬಹುಪಾಲು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರಳಿ ತಯಾರಾದವು.

ಕೈಗೆ ತೆಗೆದುಕೊಳ್ಳುವ ಮುನ್ನ ಎರಡು ಮಾತು. ಗುಂಡು ಹಾರಿಸಬಲ್ಲ ಪ್ರತಿಯೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಬಂದೂಕೇ ಆದ್ದರಿಂದ ಅದಕ್ಕೆ ಲೈಸೆನ್ಸ್ ಬೇಕು; ರಿಪೇರಿ ಮಾಡಿದರೂ ಹಾರದಂತಹ ಹಳೆಯ ಆಯುಧಕ್ಕೆ ಮಾತ್ರ ವಿನಾಯಿತಿಯಿದೆ. ಎರಡನೆಯದಾಗಿ, ಮದ್ದುಗುಂಡು ತುಂಬುವ ತಿರುಗುವ ಸಿಲಿಂಡರಿನ ಹಿಂದೆ ಕೇಪುಗಳಿಲ್ಲವೆಂದೂ ಅದರ ಪ್ರತಿಯೊಂದು ಕೋಣೆಯೂ ಬರಿದಾಗಿದೆಯೆಂದೂ ತಿಳಿದವರಿಂದ ಖಚಿತಪಡಿಸಿಕೊಳ್ಳದೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಕೂಡದು.

ಈ ಮರುತಯಾರಿಯ ಚರಿತ್ರೆ ಇಟಲಿಯ ಬ್ರೆಷಿಯಾ ಪ್ರಾಂತದ ಗಾರ್ಡೊನೆ ವಾಲ್ ಟ್ರೋಂಪಿಯಾ ಎಂಬ ಊರಿಗೆ ಸೇರಿದ್ದು. ಅಮೆರಿಕದ ಅಂತರ್ಯುದ್ಧದ ನೂರನೆಯ ವರ್ಷ 1961ರಲ್ಲಿ ಬರಲಿದೆ ಎಂಬುದನ್ನು ಗಮನಿಸಿದ ಅಮೆರಿಕದ ನೇವಿ ಆರ್ಮ್ಸ್ ಸಂಸ್ಥೆಯ ವಾಲ್ ಫೋರ್ಗೆಟ್, ಅಲ್ಲಿನ ಕುಶಲಕರ್ಮಿಗಳಿಂದ '1851 ನೇವಿ' ಎಂಬ ಕೋಲ್ಟ್ ರಿವಾಲ್ವರಿನ ಪ್ರತಿಗಳನ್ನು ಮಾಡಿಸಿದನು; ಊಬರ್ಟಿ ಮತ್ತು ಪಿಯೆಟ್ಟಾ ಎಂಬ ತಯಾರಕರ ಹೆಸರುಗಳು ಬೆಳೆದದ್ದು ಆ ಬೇಡಿಕೆಯಿಂದಲೇ. ಆದ್ದರಿಂದ ಮೊದಲು ಫ್ರೇಮು ಮತ್ತು ನಳಿಗೆಯ ಮೇಲಿನ ಮುದ್ರೆಗಳನ್ನು ಭೂತಗನ್ನಡಿಯಿಂದ ನೋಡಬೇಕು. ಇಟಲಿಯ ಸರ್ಕಾರಿ ಪರೀಕ್ಷಾಲಯದ ನಕ್ಷತ್ರದ ಮುದ್ರೆ, ಕಪ್ಪುಮದ್ದನ್ನು ಸೂಚಿಸುವ ಪಿ.ಎನ್. ಅಕ್ಷರಗಳು, ಅವುಗಳ ಪಕ್ಕದಲ್ಲಿ ಚಿಕ್ಕ ಚೌಕದೊಳಗೆ ವರ್ಷದ ಸಂಕೇತ ಇರುತ್ತವೆ. ಈ ಸಂಕೇತ 1974ರವರೆಗೆ ರೋಮನ್ ಅಂಕಿಯಲ್ಲಿತ್ತು, 1975ರಿಂದ ಎ.ಎ. ಎಂದು ಆರಂಭವಾಗುವ ಜೋಡಿ ಅಕ್ಷರಗಳಾದವು. ಹೇಳುವವರ ಮಾತಿಗಿಂತ ಈ ಚೌಕವನ್ನು ನಂಬಬೇಕೆಂಬುದು ನನ್ನ ದೃಢ ಅಭಿಪ್ರಾಯ.

ಅನಂತರ ಫ್ರೇಮಿನ ಲೋಹ. ಹಿತ್ತಾಳೆಯ ಹೊಳಪಿಗೆ ನಮ್ಮ ಕಣ್ಣು ಬೇಗ ಸೋಲುತ್ತದೆ. ಆದರೆ ಬಾಳಿಕೆಯಲ್ಲಿ ಉಕ್ಕಿನ ಫ್ರೇಮೇ ಮೇಲು. ಹಿತ್ತಾಳೆ ಫ್ರೇಮು ಪೂರ್ತಿ ಸುಳ್ಳಲ್ಲ, ಅಂತರ್ಯುದ್ಧದ ಕಾಲದಲ್ಲಿ ಕಬ್ಬಿಣದ ಅಭಾವವಿದ್ದ ಅಮೆರಿಕದ ದಕ್ಷಿಣ ರಾಜ್ಯಗಳ ಒಕ್ಕೂಟದಲ್ಲಿ ಗ್ರಿಸ್ವೋಲ್ಡ್ ಮತ್ತು ಗನಿಸನ್ ಕಾರ್ಖಾನೆ ಅಂತಹವನ್ನು 0.36 ಇಂಚಿನ ನಳಿಗೆಯ ಅಳತೆಯಲ್ಲಿ ಮಾಡುತ್ತಿತ್ತು. 0.44 ಇಂಚಿನ ಅಳತೆಯ '1851 ನೇವಿ' ಮಾತ್ರ ಚರಿತ್ರೆಯಲ್ಲಿಲ್ಲದ, ಮಾರಾಟಕ್ಕಾಗಿ ಹುಟ್ಟಿದ ಮಾದರಿ. ಹಿತ್ತಾಳೆಯದಾದರೆ ಸಿಲಿಂಡರನ್ನು ತೆಗೆಸಿ, ಅದರ ಹಿಂಬದಿ ತಾಗುವ ಜಾಗವನ್ನು ನೋಡಬೇಕು. ಅಲ್ಲಿ ಉಂಗುರದಂತೆ ತಗ್ಗು ಬಿದ್ದಿದ್ದರೆ ಫ್ರೇಮು ಪೆಟ್ಟು ತಿಂದು ಸೋತಿದೆ ಎಂದರ್ಥ.

ಕೋಲ್ಟ್ ಮಾದರಿಯ ಜೀವ ಇರುವುದು ಬೆಣೆಯಲ್ಲಿ. ಮೇಲುಪಟ್ಟಿಯಿಲ್ಲದ, ಅಂದರೆ ಸಿಲಿಂಡರಿನ ಮೇಲೆ ಫ್ರೇಮಿನ ಪಟ್ಟಿ ಹಾಯದ ಈ ರಚನೆಯಲ್ಲಿ ನಳಿಗೆಯನ್ನು ಫ್ರೇಮಿಗೆ ಬಿಗಿಯುವುದು, ಸಿಲಿಂಡರು ತಿರುಗುವ ನಡುಗೂಟವನ್ನು ಅಡ್ಡಹಾಯುವ ಒಂದು ಉಕ್ಕಿನ ಬೆಣೆ. ಗುದ್ದಲಿಯ ಕಾವಿಗೆ ಬೆಣೆ ಹೊಡೆದು ಬಲ್ಲ ಮಂಡ್ಯದ ರೈತರಿಗೆ ಇದರ ಮರ್ಮವನ್ನು ವಿವರಿಸಬೇಕಾಗಿಲ್ಲ. ನಡುಗೂಟದ ತುದಿ ನಳಿಗೆಯ ಕುಳಿಯ ತಳವನ್ನು ಮುಟ್ಟಬೇಕು. ಮುಟ್ಟದಿದ್ದರೆ ಬೆಣೆಯನ್ನು ಒತ್ತಿದಷ್ಟೂ ನಳಿಗೆ ಹಿಂದಕ್ಕೆ ಸರಿದು ಸಿಲಿಂಡರನ್ನು ಹಿಡಿಯುತ್ತದೆ; ಇದು ಮರುತಯಾರಿ ಪ್ರತಿಗಳಲ್ಲಿ ಪದೇಪದೇ ಕಾಣುವ ದೋಷ. ಅದೇ ಕಾಲದ ಇನ್ನೊಂದು ರಿವಾಲ್ವರ್ ಆದ ರೆಮಿಂಗ್ಟನ್ ಮಾದರಿಗೆ ಮೇಲುಪಟ್ಟಿಯಿರುವುದರಿಂದ ಈ ತೊಂದರೆಯಿಲ್ಲ.

ಕೊನೆಗೆ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆದು, ಅದು ಪೂರ್ತಿ ನಿಲ್ಲುವ ಹೊತ್ತಿಗೇ ಸಿಲಿಂಡರೂ ಬೀಗ ಬಿದ್ದಂತೆ ನಿಲ್ಲುತ್ತದೆಯೇ ಎಂದು ನೋಡಬೇಕು. ಆಮೇಲೆ ಹ್ಯಾಮರನ್ನು ಹೆಬ್ಬೆರಳಿನಿಂದ ಹಿಡಿದೇ ಇಳಿಸಬೇಕು. ಬರಿದೇ ಬಡಿಸಿದರೆ ಕೇಪು ಕೂರುವ ಮೊಲೆಗಳು ಚಪ್ಪಟೆಯಾಗುತ್ತವೆ. ಸಿಲಿಂಡರಿನ ಸುತ್ತ ಆಳವಾದ ಗೀರಿದ್ದರೆ ಸಿಲಿಂಡರನ್ನು ತಡೆದು ನಿಲ್ಲಿಸುವ ಒಳಗಿನ ಕೊಂಡಿ ಹೊತ್ತಿಗೆ ಮುಂಚೆ ಬೀಳುತ್ತಿದೆ.

ಪರೀಕ್ಷೆ ಮುಗಿದ ಮೇಲೆ, ಪೂಜೆಯ ಪಾತ್ರೆಗಳಂತೆ ಹಿತ್ತಾಳೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಬೇಡಿ. ಆ ಹುಳಿ ಸಂದಿಗಿಳಿದು ಉಕ್ಕಿಗೆ ತುಕ್ಕು ಹಿಡಿಸುತ್ತದೆ. ತಿಕ್ಕಿದಷ್ಟೂ ವರ್ಷದ ಮುದ್ರೆ ಸವೆಯುತ್ತದೆ. ಮೆತ್ತನೆಯ ಬಟ್ಟೆಗೆ ತುಸು ಯಂತ್ರದೆಣ್ಣೆ ತೊಡೆದು ಒರೆಸಿದರೆ ಸಾಕು.