ಚಪ್ಪಾಳೆಯಲ್ಲಿ ಲ.ಸಾ.ಅ., ನೆಲದ ಮೇಲೆ ಹೃದಯ

ನಾನು ಮಕ್ಕಳಿಗೆ ಗಣಿತ ಮತ್ತು ವಿಜ್ಞಾನ ಕಲಿಸುತ್ತೇನೆ. ತರಗತಿಗೆ ಹಾಡು, ಚಿತ್ರ, ನಾಟಕ ಏನೇ ತಂದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದನ್ನು ತೆಗೆದುಬಿಟ್ಟರೂ ಪಾಠ ಹಾಗೇ ಉಳಿಯುತ್ತದಾ? ಉಳಿಯುವುದಾದರೆ ಅದು ಬರೀ ಅಲಂಕಾರ. ಸೂತ್ರಕ್ಕೆ ರಾಗ ಕಟ್ಟಿ ಹಾಡಿಸಿದರೆ ಸೂತ್ರ ಬಾಯಿಗೆ ಬರುತ್ತದೆ. ಅದೂ ಬೇಕು, ಬೇಡ ಅನ್ನುವುದಿಲ್ಲ. ಆದರೆ ಸೂತ್ರ ಯಾಕೆ ಹಾಗಿದೆ ಅಂತ ರಾಗ ಹೇಳುವುದಿಲ್ಲ. ತಾಳ ಹಾಗಲ್ಲ. ಅದರೊಳಗೇ ಲೆಕ್ಕ ಇದೆ.

ಲ.ಸಾ.ಅ. (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಎರಡೂ ಸಂಖ್ಯೆಗಳ ಮಗ್ಗಿಯಲ್ಲಿ ಬರುವ ಅತಿ ಚಿಕ್ಕ ಸಂಖ್ಯೆ) ಪಾಠವನ್ನು ನಾನು ತಾಳದಿಂದಲೇ ಶುರುಮಾಡುತ್ತೇನೆ. ತರಗತಿಯಲ್ಲಿ ಎರಡು ಗುಂಪು. ಎಲ್ಲರೂ ಒಂದೇ ವೇಗದಲ್ಲಿ ಮೆಲ್ಲಗೆ ಎಣಿಸಬೇಕು. ಒಂದು ಗುಂಪು 3, 6, 9 ಹೀಗೆ ಚಪ್ಪಾಳೆ ತಟ್ಟುತ್ತದೆ. ಇನ್ನೊಂದು 4, 8 ಹೀಗೆ ಡೆಸ್ಕ್ ಬಡಿಯುತ್ತದೆ. ಎರಡು ಗುಂಪಿಗೂ ಬೇರೆ ಬೇರೆ ಸದ್ದು ಇರಲೇಬೇಕು, ಇಲ್ಲದಿದ್ದರೆ ಯಾರದು ಯಾವುದು ಅಂತ ಗೊತ್ತಾಗುವುದಿಲ್ಲ. 12ಕ್ಕೆ ಎರಡೂ ಸದ್ದು ಒಟ್ಟಿಗೆ ಬೀಳುತ್ತವೆ. ಆಗ ಮಕ್ಕಳ ಮುಖ ನೋಡಬೇಕು! 'ಮುಂದೆ ಯಾವಾಗ ಸೇರುತ್ತೀರಿ?' ಅಂದರೆ '24ಕ್ಕೆ' ಅಂತ ತಾವೇ ಹೇಳುತ್ತಾರೆ.

ನಿಜವಾದ ಪಾಠ ಶುರುವಾಗುವುದು ಇದರ ನಂತರ. ಗುಂಪುಗಳಿಗೆ 4 ಮತ್ತು 6 ಕೊಡುತ್ತೇನೆ. ಎಲ್ಲಿ ಸೇರುತ್ತೀರಿ ಅಂತ ಮೊದಲೇ ಊಹಿಸಲು ಹೇಳುತ್ತೇನೆ. 3ನ್ನು 4ರಿಂದ ಗುಣಿಸಿದರೆ 12 ಬಂದಿತ್ತಲ್ಲ, ಹಾಗಾಗಿ ಬಹಳ ಮಕ್ಕಳು 24 ಅನ್ನುತ್ತಾರೆ. ತಟ್ಟಿ ನೋಡಿದರೆ 12ಕ್ಕೇ ಸೇರಿಬಿಡುತ್ತಾರೆ. 'ಮಿಸ್, ಬೇಗ ಬಂತು!' ಯಾಕೆ ಬೇಗ ಬಂತು? ಇಲ್ಲಿ ನಾನು ಬಾಯಿಬಿಡುವುದಿಲ್ಲ. ಅವರು ಮತ್ತೆ ತಟ್ಟುತ್ತಾರೆ, ಜಗಳವಾಡುತ್ತಾರೆ, 3 ಮತ್ತು 6 ಇಟ್ಟುಕೊಂಡು ನೋಡುತ್ತಾರೆ, ಅದು 6ಕ್ಕೇ ಸೇರುತ್ತದೆ. ಕೊನೆಗೆ ಯಾರೋ ಒಬ್ಬರು 4ರಲ್ಲೂ 6ರಲ್ಲೂ 2 ಇದೆ ಅನ್ನುತ್ತಾರೆ. ಆಗ ಬೋರ್ಡಿನ ಮೇಲೆ 2×2, 2×3 ಅಂತ ಬರೆಯುತ್ತೇನೆ. ಎರಡರಲ್ಲೂ ಇರುವ 2ನ್ನು ಒಂದೇ ಸಲ ಯಾಕೆ ತೆಗೆದುಕೊಳ್ಳುತ್ತೇವೆ ಅನ್ನುವುದು ಆಮೇಲೆ ವಿವರಿಸಬೇಕಾದ ನಿಯಮವಾಗಿ ಉಳಿಯುವುದಿಲ್ಲ. ಅವರ ಕೈಗೆ ಅದು ಆಗಲೇ ಗೊತ್ತು.

ತಂತಿವಾದ್ಯ ಸಿಕ್ಕರೆ ಭಿನ್ನರಾಶಿಗೂ ದಾರಿ ಇದೆ. ಪೂರ್ತಿ ತಂತಿ ಮೀಟಿದಾಗ ಬರುವುದು 'ಸ' ಅಂದುಕೊಳ್ಳಿ. ತಂತಿಯ 3/4 ಭಾಗ ಮೀಟಿದರೆ 'ಮ', 2/3 ಭಾಗಕ್ಕೆ 'ಪ', ಅರ್ಧಕ್ಕೆ ಮೇಲಿನ 'ಸ'. ಉದ್ದ ಕಡಿಮೆಯಾದಷ್ಟೂ ಸ್ವರ ಏರುತ್ತದೆ. 3/4 ದೊಡ್ಡದೋ 2/3 ದೊಡ್ಡದೋ ಅಂತ ಕಿವಿಯಿಂದಲೇ ಹೇಳಬಹುದು.

ವಿಜ್ಞಾನದಲ್ಲಿ ನನಗೆ ತುಂಬಾ ಇಷ್ಟವಾದದ್ದು ರಕ್ತಪರಿಚಲನೆಯ ನಾಟಕ. ವೇಷ ಬೇಡ, ಮಾತೂ ಬೇಡ. ನೆಲದ ಮೇಲೆ ಚಾಕ್‌ಪೀಸಿನಿಂದ ದೊಡ್ಡದಾಗಿ ನಾಲ್ಕು ಕೋಣೆ ಬರೆಯುತ್ತೇವೆ, ಮೇಲೆ ಎರಡು ಹೃತ್ಕರ್ಣ, ಕೆಳಗೆ ಎರಡು ಹೃತ್ಕುಕ್ಷಿ. ಚಿತ್ರದಲ್ಲಿ ಹೃದಯದ ಬಲಭಾಗ ನಮ್ಮ ಎಡಕ್ಕೆ ಯಾಕಿದೆ ಅಂತ ಪ್ರತಿಸಲ ಗೊಂದಲ. ಅದಕ್ಕೆ ಒಂದು ಮಗುವನ್ನು ಚಿತ್ರದ ಮೇಲೆ ಅಂಗಾತ ಮಲಗಿಸುತ್ತೇನೆ. ಮಗುವಿನ ಬಲಗೈ ಇರುವ ಕಡೆಯೇ ಹೃದಯದ ಬಲಭಾಗ. ಅಷ್ಟೇ, ಗೊಂದಲ ಮುಗಿಯಿತು.

ರಕ್ತವಾಗುವ ಮಕ್ಕಳ ಕೈಯಲ್ಲಿ ಕಾರ್ಡುಗಳು, ಆಕ್ಸಿಜನ್ ಜಾಸ್ತಿ ಇದ್ದರೆ ಕೆಂಪು, ಕಡಿಮೆ ಇದ್ದರೆ ನೀಲಿ. ಶ್ವಾಸಕೋಶಕ್ಕೆ ಹೋದಾಗ ನೀಲಿ ಕೊಟ್ಟು ಕೆಂಪು ತೆಗೆದುಕೊಳ್ಳಬೇಕು, ದೇಹದ ಕಡೆ ಹೋದಾಗ ಕೆಂಪು ಕೊಟ್ಟು ನೀಲಿ. (ರಕ್ತ ಯಾವತ್ತೂ ನೀಲಿ ಇರುವುದಿಲ್ಲ, ಆಕ್ಸಿಜನ್ ಕಡಿಮೆ ಇರುವ ರಕ್ತ ಕಡುಗೆಂಪು. ಇದನ್ನು ಮೊದಲೇ ಹೇಳಿಬಿಡಬೇಕು.) ಬಾಗಿಲಲ್ಲಿ ಕೈ ಚಾಚಿ ನಿಂತವರು ಕವಾಟಗಳು, ಒಂದೇ ದಿಕ್ಕಿಗೆ ಬಿಡುವವರು. ಎರಡೂ ಹೃತ್ಕುಕ್ಷಿಗಳು ಒಟ್ಟಿಗೇ ಕುಗ್ಗಬೇಕು. ಆಗ ಮೇಲಿನ ಕೋಣೆಗಳ ಕಡೆಯ ಕವಾಟಗಳು ಮುಚ್ಚಿಕೊಂಡು 'ಲಬ್' ಅನ್ನುತ್ತವೆ. ರಕ್ತ ಹೊರಗೆ ಹೋದ ಮೇಲೆ ಅಪಧಮನಿಗಳ ಬುಡದ ಕವಾಟಗಳು ಮುಚ್ಚಿ 'ಡಬ್'. ಎದೆಬಡಿತದ ಸದ್ದು ಎಲ್ಲಿಂದ ಬರುತ್ತದೆ ಅಂತ ಪುಸ್ತಕ ಓದಿಯೂ ಗೊತ್ತಾಗದವರಿಗೆ ಇಲ್ಲಿ ಗೊತ್ತಾಗುತ್ತದೆ, ಯಾಕಂದ್ರೆ ಆ ಸದ್ದು ಮಾಡಿದವರು ಅವರೇ. ಎಡ ಹೃತ್ಕುಕ್ಷಿಯ ಗೋಡೆಗೆ ನಾನು ಜಾಸ್ತಿ ಮಕ್ಕಳನ್ನು ನಿಲ್ಲಿಸುತ್ತೇನೆ. 'ಅಲ್ಲಿ ಯಾಕೆ ಇಷ್ಟು ಜನ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಬಲಗಡೆಯದು ಪಕ್ಕದ ಶ್ವಾಸಕೋಶಕ್ಕೆ ರಕ್ತ ತಳ್ಳಿದರೆ ಸಾಕು, ಎಡಗಡೆಯದು ಇಡೀ ದೇಹಕ್ಕೆ ತಳ್ಳಬೇಕು, ಅಲ್ವಾ?

ಚಿತ್ರಕಲೆಯಲ್ಲಿ ಟೈಲ್ಸ್ ವಿನ್ಯಾಸ ಮಾಡಿಸುತ್ತೇನೆ. ರಟ್ಟಿನಲ್ಲಿ ಕತ್ತರಿಸಿದ ಸಮಬಾಹು ತ್ರಿಭುಜ, ಚೌಕ, ಷಡ್ಭುಜ ಸಂದಿಲ್ಲದೆ ಕೂರುತ್ತವೆ. ಎಲ್ಲ ಬಾಹು, ಎಲ್ಲ ಕೋನ ಸಮ ಇರುವ ಪಂಚಭುಜ ಕೂರುವುದೇ ಇಲ್ಲ. ಅದರ ಕೋನ 108 ಡಿಗ್ರಿ. ಮೂರು ಸೇರಿದರೆ 324, ಉಳಿದ 36 ಡಿಗ್ರಿ ಸಂದಿಗೆ ಬಣ್ಣ ತುಂಬಿಸಿ ಅಂದರೆ 360ರ ಲೆಕ್ಕ ಮರೆಯುವುದಿಲ್ಲ. ಡಚ್ ಕಲಾವಿದ ಎಷರ್ (1898–1972) ಇಂಥ ಆಕಾರಗಳಿಂದಲೇ ಹಕ್ಕಿ, ಮೀನು, ಹಲ್ಲಿ ಮಾಡಿದವರು. ಚೌಕದ ಒಂದು ಬದಿಯಿಂದ ಕತ್ತರಿಸಿದ ತುಂಡನ್ನು ಎದುರು ಬದಿಗೆ ಅಂಟಿಸಿದರೆ ಮಕ್ಕಳಿಗೂ ಹೊಸ ಆಕಾರ ಸಿಗುತ್ತದೆ. ಆಕಾರ ಬದಲಾದರೂ ವಿಸ್ತೀರ್ಣ ಅಷ್ಟೇ ಇರುತ್ತದೆ.

ಚಟುವಟಿಕೆ ಮುಗಿದ ಕೂಡಲೇ ನೋಟ್‌ಬುಕ್ ತೆಗೆಸುತ್ತೇನೆ. ಮಾಡಿದ್ದನ್ನು ಅದೇ ದಿನ ಅಂಕಿಯಲ್ಲೋ ವಾಕ್ಯದಲ್ಲೋ ಬರೆಯದಿದ್ದರೆ ಆಟ ಮಾತ್ರ ನೆನಪಿರುತ್ತದೆ. ನಾಚಿಕೆ ಸ್ವಭಾವದ ಮಕ್ಕಳನ್ನು ಬಲವಂತವಾಗಿ ಮಧ್ಯಕ್ಕೆ ಎಳೆಯಬಾರದು. ಕಾರ್ಡ್ ಕೊಡುವುದು, ಎಣಿಕೆ ಹಿಡಿಯುವುದು, ಎಲ್ಲಿ ತಪ್ಪಿತು ಅಂತ ನೋಡುವುದು ಇವೂ ಕೆಲಸಗಳೇ.

ಈಗ ಋತುಗಳ ಪಾಠವನ್ನು ಕುಣಿತವಾಗಿ ಕಟ್ಟುತ್ತಿದ್ದೇನೆ. ಭೂಮಿಯ ಅಕ್ಷ 23.5 ಡಿಗ್ರಿ ಓರೆ. ಸೂರ್ಯನನ್ನು ಸುತ್ತುವ ಮಗು ಇಡೀ ಸುತ್ತಿನಲ್ಲೂ ಒಂದೇ ಗೋಡೆಯ ಕಡೆಗೆ ವಾಲಿರಬೇಕು, ಆಗಲೇ ತಲೆ ಒಮ್ಮೆ ಸೂರ್ಯನತ್ತ, ಒಮ್ಮೆ ಆಚೆಗೆ ಬರುವುದು. ಮಕ್ಕಳು ಸಹಜವಾಗಿ ಸೂರ್ಯನ ಕಡೆಗೇ ವಾಲಿಕೊಂಡು ಸುತ್ತುತ್ತಾರೆ. ಅದಕ್ಕೆ ಗೋಡೆಯ ಮೇಲೆ ಒಂದು ಧ್ರುವನಕ್ಷತ್ರ ಅಂಟಿಸಿದ್ದೇನೆ.