ಬಿಲ್ ಟೇಬಲ್‌ಗೆ ಬರಬಾರದು: ಕ್ಲೈಂಟ್ ಜೊತೆ ಊಟದ ನನ್ನ ಅನುಭವ

ಕ್ಲೈಂಟ್ ಒಬ್ಬರನ್ನು ಮೊದಲ ಸಲ ಊಟಕ್ಕೆ ಕರೆದಿದ್ದೆ. ಬಿಲ್ ಬರುವ ತನಕ ಎಲ್ಲ ಚೆನ್ನಾಗೇ ಇತ್ತು. ವೇಟರ್ ಅದನ್ನು ತಂದು ಸರಿಯಾಗಿ ಇಬ್ಬರ ನಡುವೆ ಇಟ್ಟ. ನಾನು ಕೈ ಚಾಚಿದೆ, ಅವರೂ ಚಾಚಿದರು. 'ನಾನು ಕೊಡ್ತೀನಿ', 'ಛೇ, ಬಿಡಿ ಬಿಡಿ' ಅಂತ ಎಳೆದಾಟ. ಕೊನೆಗೆ ಗೆದ್ದವರು ಅವರೇ. ಕರೆದವನು ನಾನು, ದುಡ್ಡು ಕೊಟ್ಟವರು ಅವರು! ಮುಖ ಎಲ್ಲಿಡೋದು ಗೊತ್ತಾಗಲಿಲ್ಲ.

ಈಗ ಹದಿನೈದು ನಿಮಿಷ ಮುಂಚೆಯೇ ಹೋಗುತ್ತೇನೆ. ಕೌಂಟರ್‌ನಲ್ಲಿ ಕಾರ್ಡ್ ತೋರಿಸಿ, 'ಬಿಲ್ ಟೇಬಲ್‌ಗೆ ತರಬೇಡಿ, ನಾನೇ ಬರ್ತೀನಿ' ಎಂದು ಹೇಳಿಬಿಡುತ್ತೇನೆ. ಕಾಫಿ ಬರುವ ಹೊತ್ತಿಗೆ ಕೈ ತೊಳೆಯುವ ನೆಪದಲ್ಲಿ ಎದ್ದು ಹೋಗಿ ಕೊಟ್ಟು ಬರುತ್ತೇನೆ. ಆಮೇಲೆ 'ಹೊರಡೋಣವಾ?' ಅಂದರೆ ಮುಗಿಯಿತು. ಮುಂಚೆ ಹೋದರೆ ಒಳ್ಳೆಯ ಜಾಗವೂ ಸಿಗುತ್ತದೆ. ಗೋಡೆ ಕಡೆಯ ಕುರ್ಚಿ ಅತಿಥಿಗೆ. ಟಾಯ್ಲೆಟ್ ಬಾಗಿಲಿನ ಪಕ್ಕದ ಟೇಬಲ್ ಕೊಟ್ಟರೆ ನಾಚಿಕೆ ಬಿಟ್ಟು ಬದಲಿಸಿ ಎನ್ನುತ್ತೇನೆ.

ಏನು ತಿನ್ನುವುದಿಲ್ಲ ಎಂದು ಕರೆಯುವಾಗಲೇ ಕೇಳಿಕೊಳ್ಳುವುದು ವಾಸಿ. ಮೆನು ಕೈಗೆ ಬಂದಾಗ ಅತಿಥಿಗೆ ಸಂಕೋಚ ಇರುತ್ತದೆ, ಎಷ್ಟರದ್ದು ಹೇಳಬಹುದು ಅಂತ. ಅದಕ್ಕೇ 'ಇಲ್ಲಿ ಇದು ಚೆನ್ನಾಗಿರುತ್ತೆ' ಎಂದು ಸ್ವಲ್ಪ ಜಾಸ್ತಿ ಬೆಲೆಯದ್ದನ್ನೇ ತೋರಿಸುತ್ತೇನೆ. ಅವರು ಸೂಪ್ ಹೇಳಿದರೆ ನನಗೂ ಒಂದು, ಬೇಕಿರಲಿ ಬಿಡಲಿ. ಒಬ್ಬರು ತಿನ್ನುವಾಗ ಇನ್ನೊಬ್ಬರು ಸುಮ್ನೆ ನೋಡುತ್ತಾ ಕೂತರೆ ಗಂಟಲಲ್ಲಿ ಇಳಿಯುತ್ತಾ? ಮದ್ಯದ ವಿಷಯದಲ್ಲಿ ಅವರು ಹೇಳದೆ ನಾನು ಹೇಳುವುದಿಲ್ಲ.

ಚಾಕು, ಫೋರ್ಕ್‌ಗೆ ನಾನೂ ಹೆದರುತ್ತಿದ್ದೆ. ತಟ್ಟೆಯ ಪಕ್ಕ ಸಾಲಾಗಿ ಇಟ್ಟಿದ್ದನ್ನು ಹೊರಗಿನಿಂದ ಒಳಗೆ ಬಳಸುತ್ತಾ ಬಂದರೆ ಆಯಿತು, ಅಷ್ಟೇ. ಯಾವ ಬ್ರೆಡ್ ತಟ್ಟೆ, ಯಾವ ಲೋಟ ನನ್ನದು ಅನ್ನುವ ಗೊಂದಲಕ್ಕೆ ಒಂದು ಉಪಾಯ ಇದೆ. ಮೇಜಿನ ಕೆಳಗೆ ಎರಡೂ ಕೈಯ ಹೆಬ್ಬೆರಳು, ತೋರುಬೆರಳು ಸೇರಿಸಿ ಉಂಗುರ ಮಾಡಿ, ಉಳಿದ ಬೆರಳು ನೆಟ್ಟಗಿಡಿ. ಎಡಗೈ ಇಂಗ್ಲಿಷಿನ ಸಣ್ಣ 'ಬಿ' ತರ ಕಾಣುತ್ತದೆ, ಬಲಗೈ 'ಡಿ' ತರ. ಎಡಕ್ಕೆ ಬ್ರೆಡ್, ಬಲಕ್ಕೆ ಡ್ರಿಂಕ್. ನಾನು ಈಗಲೂ ಒಮ್ಮೊಮ್ಮೆ ಕದ್ದು ಮಾಡಿ ನೋಡುವುದುಂಟು. ನಡುವೆ ಎದ್ದರೆ ನ್ಯಾಪ್‌ಕಿನ್ ಕುರ್ಚಿಯ ಮೇಲೆ. ಚಾಕು, ಫೋರ್ಕ್ ತಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರೆ ಊಟ ಮುಗಿಯಿತು, ತಟ್ಟೆ ತೆಗೆಯಬಹುದು ಅಂತ ಲೆಕ್ಕ. ಒಮ್ಮೆ ಮಾತಿನ ಭರದಲ್ಲಿ ಹಾಗೆ ಇಟ್ಟು, ಅರ್ಧ ಊಟದ ತಟ್ಟೆಯನ್ನೇ ಕಳೆದುಕೊಂಡೆ.

ಇದಕ್ಕಿಂತ ಕಷ್ಟ ಅಂದರೆ ವೇಗ. ನಾನು ವಾಚಾಳಿ. ಒಂದು ದಿನ ಅವರ ತಟ್ಟೆ ಖಾಲಿ, ನನ್ನದು ತುಂಬಿದಂತೆಯೇ ಇತ್ತು. ಅವರು ಪಾಪ ನೀರು ಕುಡಿಯುತ್ತಾ ಕಾದರು. ಈಗ ಮನೆಯಲ್ಲೇ ಒಂಚೂರು ತಿಂದು ಹೋಗುತ್ತೇನೆ, ಸಣ್ಣ ಸಣ್ಣ ತುತ್ತು ತಿನ್ನುತ್ತೇನೆ. ಬಾಯಿ ತುಂಬಿರುವಾಗಲೇ ಪ್ರಶ್ನೆ ಬರುವುದು, ಅಲ್ವಾ? ಆರ್ಡರ್ ಕೊಡುವ ತನಕ ಕೆಲಸದ ಮಾತು ಎತ್ತುವುದಿಲ್ಲ. ರಾತ್ರಿ ಊಟವಾದರೆ ತಟ್ಟೆ ತೆಗೆದ ಮೇಲೇ, ಅವರಾಗಿ ಎತ್ತಿದರೆ ಬೇರೆ ಮಾತು. ಫೋನ್ ಜೇಬಿನಲ್ಲಿ.

ಟೇಬಲ್‌ನಲ್ಲಿ ನೋಟ್‌ಬುಕ್ ತೆಗೆಯುವುದಿಲ್ಲವಾದ್ದರಿಂದ, ಒಪ್ಪಿಕೊಂಡಿದ್ದನ್ನು ಹೊರಗೆ ಬಂದ ಕೂಡಲೇ ಬರೆದುಕೊಳ್ಳುತ್ತೇನೆ. ಮರುದಿನ ಬೆಳಿಗ್ಗೆ ಥ್ಯಾಂಕ್ಸ್ ಜೊತೆ ಅದನ್ನೂ ಎರಡು ಸಾಲಿನಲ್ಲಿ ಕಳಿಸುತ್ತೇನೆ.