ಎ-ಲೆವೆಲ್ ಮನೋವಿಜ್ಞಾನವನ್ನು ಓದುವ ಬಗೆ

ಇಂಗ್ಲೆಂಡಿನಲ್ಲಿ ಸಿಕ್ಸ್ತ್ ಫಾರ್ಮ್ (ಎ-ಲೆವೆಲ್ ಪರೀಕ್ಷೆಗೆ ಓದುವ, ಶಾಲೆಯ ಕೊನೆಯ ಎರಡು ವರ್ಷ) ಸೇರಿ ಮನೋವಿಜ್ಞಾನವನ್ನು ಆಯ್ದುಕೊಳ್ಳುವ ಹೆಚ್ಚಿನವರಿಗೆ ಅದು ಹೊಸ ವಿಷಯವಾದ್ದರಿಂದ, ಪ್ರಯೋಗಗಳ ಕಥೆಗಳನ್ನು ಬಾಯಿಪಾಠ ಮಾಡಿದರೆ ಸಾಕೆಂಬ ಭಾವನೆ ಬೇಗ ಬೇರೂರುತ್ತದೆ. ಅಂಕಗಳ ಹಂಚಿಕೆಯನ್ನು ನೋಡಿದರೆ ಅದು ಸರಿಯಲ್ಲವೆಂದು ತಿಳಿಯುತ್ತದೆ. ಎಕ್ಯೂಎ ಎಂಬ ಪರೀಕ್ಷಾ ಮಂಡಳಿಯ ಪಠ್ಯಕ್ರಮದಲ್ಲಿ ಎರಡು ವರ್ಷಗಳ ಕೊನೆಗೆ ತಲಾ 2 ಗಂಟೆಯ, 96 ಅಂಕಗಳ ಮೂರು ಪತ್ರಿಕೆಗಳಿರುತ್ತವೆ. ಸನ್ನಿವೇಶವಿಲ್ಲದೆ ಕೇಳುವ 16 ಅಂಕಗಳ ಪ್ರಬಂಧದಲ್ಲಿ ವಿವರಣೆಗೆ 6, ಮೌಲ್ಯಮಾಪನಕ್ಕೆ, ಅಂದರೆ ಅಧ್ಯಯನದ ಬಲ-ದೌರ್ಬಲ್ಯಗಳನ್ನು ತೂಗುವುದಕ್ಕೆ, 10 ಅಂಕ. ನಿಮ್ಮ ಕಾಲೇಜು ಬೇರೆ ಮಂಡಳಿಯದನ್ನು ಕಲಿಸುತ್ತಿದ್ದರೆ ಅಲ್ಲಿನ ಹಂಚಿಕೆಯನ್ನು ಮೊದಲ ವಾರವೇ ನೋಡಿಕೊಳ್ಳಿ.

ಆದ್ದರಿಂದ ಪ್ರತಿ ಅಧ್ಯಯನದ ಟಿಪ್ಪಣಿಯಲ್ಲಿ ಕಥೆಗೆ ನಾಲ್ಕು ಸಾಲು ಸಾಕು. ಉಳಿದ ಜಾಗ ವಾದಕ್ಕಿರಲಿ. ಉದಾಹರಣೆಗೆ, 1974ರಲ್ಲಿ ಮನೋವಿಜ್ಞಾನಿಗಳಾದ ಲಾಫ್ಟಸ್ ಮತ್ತು ಪಾಮರ್ 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕುಗಳನ್ನು ತೋರಿಸಿ, ಕಾರುಗಳ ವೇಗವೆಷ್ಟೆಂದು ಕೇಳಿದರು. ಪ್ರಶ್ನೆಯಲ್ಲಿ 'ಅಪ್ಪಳಿಸಿದವು' ಎಂಬರ್ಥದ ಕ್ರಿಯಾಪದವಿದ್ದಾಗ ಸರಾಸರಿ ಉತ್ತರ ಗಂಟೆಗೆ 40.5 ಮೈಲಿ, 'ತಾಗಿದವು' ಎಂಬರ್ಥದ ಪದವಿದ್ದಾಗ 31.8 ಮೈಲಿ. ಇದಿಷ್ಟು ವಿವರಣೆ. 'ಇದು ಕೃತಕ ಪ್ರಯೋಗ' ಎಂದಷ್ಟೇ ಬರೆದು ನಿಲ್ಲಿಸಿದರೆ ಅದು ಮೌಲ್ಯಮಾಪನವಾಗುವುದಿಲ್ಲ, ಬರೀ ಹಣೆಪಟ್ಟಿಯಾಗುತ್ತದೆ. ತುಣುಕು ನೋಡುವವರಿಗೆ ನಿಜವಾದ ಅಪಘಾತದ ಆತಂಕವಿರುವುದಿಲ್ಲ ಎಂದು ಕಾರಣ ಕೊಡಿ. ಬಳಿಕ 1986ರಲ್ಲಿ ಯೂಲ್ ಮತ್ತು ಕಟ್‌ಷಾಲ್ ಕೆನಡಾದಲ್ಲಿ ನಡೆದ ನಿಜವಾದ ಗುಂಡಿನ ದಾಳಿಯೊಂದರ 13 ಸಾಕ್ಷಿಗಳನ್ನು ತಿಂಗಳುಗಳ ನಂತರ ಸಂದರ್ಶಿಸಿದಾಗ, ದಾರಿತಪ್ಪಿಸುವ ಪ್ರಶ್ನೆಗಳಿದ್ದರೂ ಅವರ ನೆನಪು ಬಹುಮಟ್ಟಿಗೆ ನಿಖರವಾಗಿಯೇ ಉಳಿದಿತ್ತೆಂದು ಪುರಾವೆ ಒದಗಿಸಿ. ಹಾಗಾಗಿ ಪ್ರಯೋಗಾಲಯದ ಫಲಿತಾಂಶವನ್ನು ನ್ಯಾಯಾಲಯದ ಸಾಕ್ಷಿಗೆ ನೇರವಾಗಿ ಅನ್ವಯಿಸಲಾಗದೆಂಬ ತೀರ್ಮಾನಕ್ಕೆ ಬನ್ನಿ. ಇಂಥ ಮೂರು ವಾದಗಳು ಹತ್ತು ಹಣೆಪಟ್ಟಿಗಳಿಗಿಂತ ಮೇಲು.

ಸಂಶೋಧನಾ ವಿಧಾನಗಳನ್ನು ಕೊನೆಯ ತಿಂಗಳಿಗೆ ಬಿಡುವುದೇ ನಾನು ಕಂಡಂತೆ ದೊಡ್ಡ ತಪ್ಪು, ಏಕೆಂದರೆ ಎರಡನೆಯ ಪತ್ರಿಕೆಯ 96ರಲ್ಲಿ 48 ಅಂಕ ಆ ಭಾಗಕ್ಕೇ ಸೇರಿದೆ. ಗಣಿತವೂ ಇದೆ, ಆದರೆ ಹೆದರಿಸುವಂಥದ್ದಲ್ಲ. ಬದಲಾವಣೆ ಆಕಸ್ಮಿಕವೇ ಎಂದು ಏರಿಕೆಗೆ +, ಇಳಿಕೆಗೆ − ಚಿಹ್ನೆ ಹಾಕಿ ಎಣಿಸುವ ಸೈನ್ ಟೆಸ್ಟನ್ನು ಕೈಯಲ್ಲೇ ಮಾಡಿ ನೋಡಿ: ಹತ್ತು ಜನರಲ್ಲಿ ಏಳು ಮಂದಿಯ ಅಂಕ ಏರಿತು, ಒಬ್ಬರದು ಇಳಿಯಿತು, ಇಬ್ಬರದು ಬದಲಾಗಲಿಲ್ಲ. ಬದಲಾಗದವರನ್ನು ಕೈಬಿಟ್ಟರೆ ಉಳಿದವರು 8. ಕಡಿಮೆ ಬಾರಿ ಬಂದ ಚಿಹ್ನೆಯ ಎಣಿಕೆ 1. ಈ ಎಣಿಕೆಯು ಸಂಖ್ಯಾಶಾಸ್ತ್ರದ ಕೋಷ್ಟಕದಲ್ಲಿರುವ ನಿರ್ಣಾಯಕ ಮೌಲ್ಯಕ್ಕೆ ಸಮ ಅಥವಾ ಕಡಿಮೆ ಇದ್ದರೆ ಮಾತ್ರ ಫಲಿತಾಂಶ ಗಣನೀಯ, ಅಂದರೆ ಬರೀ ಆಕಸ್ಮಿಕವೆಂದು ತಳ್ಳಿಹಾಕಲಾಗದ್ದು. 0.05 ಮಟ್ಟದಲ್ಲಿ (ಆಕಸ್ಮಿಕದ ಸಾಧ್ಯತೆಗೆ ಶೇ. 5ರ ಮಿತಿ), ಅಂಕ ಏರುತ್ತದೆಂದು ಮೊದಲೇ ದಿಕ್ಕು ಸೂಚಿಸಿದ ಪ್ರಾಕ್ಕಲ್ಪನೆಗೆ (ಪ್ರಯೋಗಕ್ಕೆ ಮುಂಚೆ ಬರೆದಿಡುವ ಊಹೆಗೆ) ಆ ನಿರ್ಣಾಯಕ ಮೌಲ್ಯ 1, ದಿಕ್ಕು ಸೂಚಿಸದಿದ್ದರೆ 0. ಅಂದರೆ ಅದೇ ದತ್ತಾಂಶ ಮೊದಲನೆಯದರಲ್ಲಿ ಗಣನೀಯ, ಎರಡನೆಯದರಲ್ಲಿ ಅಲ್ಲ. ಪ್ರಾಕ್ಕಲ್ಪನೆಯ ಮಾತುಗಳನ್ನು ಪರೀಕ್ಷಕರು ಅಷ್ಟು ಬಿಗಿಯಾಗಿ ನೋಡುವುದು ಏಕೆಂದು ಇದರಿಂದ ಮನದಟ್ಟಾಗುತ್ತದೆ.

ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟುಕೊಂಡೇ ಬರೆಯಬೇಕು. 120 ನಿಮಿಷಕ್ಕೆ 96 ಅಂಕವೆಂದರೆ ಒಂದು ಅಂಕಕ್ಕೆ ಒಂದೂಕಾಲು ನಿಮಿಷ. 16 ಅಂಕಗಳ ಪ್ರಬಂಧಕ್ಕೆ ಯೋಚಿಸುವ ಸಮಯವೂ ಸೇರಿ ಸಿಗುವುದು 20 ನಿಮಿಷ. ಬರೆದು ಮುಗಿಸಿದ ಮೇಲೆ ಅಂಕ ಕೊಡುವ ಕ್ರಮ ತಿಳಿಸುವ ಅಂಕಸೂಚಿಯನ್ನು ಎದುರಿಗಿಟ್ಟುಕೊಂಡು, ವಿವರಣೆಯ ಸಾಲುಗಳಿಗೆ ಒಂದು ಬಣ್ಣ, ವಾದದ ಸಾಲುಗಳಿಗೆ ಇನ್ನೊಂದು ಬಣ್ಣ ಹಚ್ಚಿ ನೋಡಿ. ಮೊದಲ ಬಣ್ಣವೇ ಪುಟ ತುಂಬಿದ್ದರೆ ಆ ಪ್ರಬಂಧವನ್ನು ಮರುದಿನ ಮತ್ತೆ ಬರೆಯಿರಿ.